ವಿಯೆನ್ನಾದಲ್ಲಿ ನನ್ನ ಹೆಸರಿನ ಮೇಜು

ಕಳೆದ ತಿಂಗಳು ಮಗಳಿಗೆ ಚಳಿಗಾಲದ ಬೂಟು ಕೊಳ್ಳಲು ಇಲ್ಲಿ ಅಮೆರಿಕದಲ್ಲಿ, ನಮ್ಮ ಮನೆಗೆ ಹತ್ತಿರದ ಓಕ್ ಬ್ರೂಕ್‌ನ ಮಾಲ್‌ಗೆ ಹೋಗಿದ್ದೆವು. ಹೊಸದಾಗಿ ಶುರುವಾದ ಬೇಕರಿಯೊಂದರ ಬಾಗಿಲನ್ನು ಯಾರೋ ತೆಗೆದರು. ಬೆಣ್ಣೆ, ಸೇಬು, ಚಕ್ಕೆ ಒಟ್ಟಿಗೆ ಬೇಯುವ ವಾಸನೆ ಮುಖಕ್ಕೆ ಬಡಿಯಿತು.

"ಅಮ್ಮಾ, ಸ್ಟ್ರೂಡಲ್! ಕ್ಯಾನ್ ವಿ ಗೆಟ್ ಒನ್?" ಎಂದಳು ನಿಧಿ.

"ಬೇಡ" ಎಂದೆ. ಹೇಳಿದ ರೀತಿಗೆ ಹೆದರಿ ಅವಳು ಅಪ್ಪನ ಮುಖ ನೋಡಿದಳು. "ನಿಮ್ಮವ್ವುಂಗೆ ಆ ವಾಸ್ನೆ ಆಗಕಿಲ್ಲ ಕಣವ್ವ, ನಡಿ" ಎಂದು ಮಹದೇವ ಅವಳನ್ನು ಮುಂದಕ್ಕೆ ಕರೆದೊಯ್ದ.

ಆಗದ ವಾಸನೆಯೇನಲ್ಲ ಅದು. ಮೂರು ವರ್ಷದ ಹಿಂದೆ ಒಂದು ಇಡೀ ಚಳಿಗಾಲ ಬೋಲಿಂಗ್‌ಬ್ರೂಕ್‌ನ ನಮ್ಮ ಮನೆಯ ಪರದೆಗಳಿಗೂ ಕಂಬಳಿಗಳಿಗೂ ಅದೇ ವಾಸನೆ ಅಂಟಿಕೊಂಡಿತ್ತು. ಅದು ನಾನು ವಿಯೆನ್ನಾಗೆ ಹೊರಟಿದ್ದ ವರ್ಷ.

ಆ ಜನವರಿಯಲ್ಲಿ ಉಷ್ಣಾಂಶ ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಕ್ಕೆ ಇಳಿದು ಒಂದು ವಾರ ಮೇಲೇಳಲೇ ಇಲ್ಲ. ನನ್ನ ಕೆಲಸ ಎಲ್ಕ್ ಗ್ರೋವ್‌ನ ಕಾರ್ಖಾನೆಯೊಂದರಲ್ಲಿ, ತಯಾರಾದ ಬಿಡಿಭಾಗಗಳ ಗುಣಮಟ್ಟ ನೋಡುವುದು. ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಐಸ್ ಕೆರೆದು ಹೊರಟರೆ ಸಂಜೆ ಮತ್ತೆ ಐಸ್ ಕೆರೆದು ವಾಪಸ್. ಹೊರಗೆ ನಡೆದಾಡುವ ಹಾಗಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ವಿದ್ಯಾಳ ಮನೆ. ಅವಳು ನಮ್ಮದೇ ಬಡಾವಣೆಯಲ್ಲಿ ಎರಡು ತಿರುವು ಆಚೆ ಇದ್ದವಳು. ಮೈಸೂರಿನ ಹುಡುಗಿ. ಅಜ್ಜ ಹೆಡ್‌ಮಾಸ್ಟರ್, ಅಪ್ಪ ಪ್ರೊಫೆಸರ್, ಅಮ್ಮ ಎಂ.ಎಸ್‌ಸಿ. ಮನೆಯ ತುಂಬ ಪುಸ್ತಕ, ಮಾತಿನಲ್ಲಿ ಒಂದು ನಿರಾಳ. ಯಾವ ಅಂಗಡಿಗೆ ಹೋದರೂ ಅದು ತನ್ನದೇ ಎನ್ನುವ ಹಾಗೆ ಒಳಗೆ ನಡೆಯುವ ಅವಳನ್ನು ನೋಡುವುದೇ ನನಗೆ ಖುಷಿ. ಎಂಟು ವರ್ಷದ ಸ್ನೇಹ. ನಿಧಿಗೆ ಜ್ವರ ಬಂದರೆ ಅವಳು, ಅವಳ ಮಗನಿಗೆ ಪೆಟ್ಟಾದರೆ ನಾನು.

"ಈ ಸಮ್ಮರ್ ಯುರೋಪ್‌ಗೆ ಹೋಗೋಣ ಕಣೇ ಜಯಾ, ಎರಡೂ ಫ್ಯಾಮಿಲಿ," ಎಂದಳು ಒಂದು ಶನಿವಾರ, ಕಿಟಕಿಯಾಚೆಯ ಹಿಮ ನೋಡುತ್ತಾ. "ಈ ಏಳು ಊರು ಹತ್ತು ದಿನ ಟೂರ್ ಬೇಡ. ಒಂದೇ ಸಿಟಿ. ಆರಾಮಾಗಿ ತಿಂದ್ಕೊಂಡು, ಕಾಫಿ ಕುಡ್ಕೊಂಡು, ಸುತ್ಕೊಂಡು."

"ಹಾಗಾದ್ರೆ ವಿಯೆನ್ನಾ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು.

ಯಾಕೆ ಬಂತು ಎಂದು ಅವಳಿಗೆ ಅಂದೇ ಹೇಳಿದೆ. ಅಪ್ಪನ ಕಥೆ ಅವಳು ಎಷ್ಟೋ ಸಲ ಕೇಳಿದ್ದೇ, ಆದರೂ ಮತ್ತೆ ಹೇಳಿದೆ. ನಮ್ಮಪ್ಪ ಮಂಡ್ಯದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಸಪ್ಲೈಯರ್ ಆಗಿದ್ದರು. ಒಂದು ಕೈಯಲ್ಲಿ ಆರು ಲೋಟ ಕಾಫಿ ಹಿಡಿದು ಮೇಜುಗಳ ನಡುವೆ ತೂರಿಕೊಂಡು ಹೋಗುವವರು. ಐವತ್ತು ದಾಟಿದ ಮೇಲೂ ಕಾಲೇಜು ಹುಡುಗರು ಅವರನ್ನು "ಏಯ್ ಬಾರಯ್ಯ ಇಲ್ಲಿ" ಎಂದೇ ಕರೆಯುತ್ತಿದ್ದರು. ನನ್ನ ಬಿ.ಇ. ಫಲಿತಾಂಶ ಬಂದ ದಿನ ಯಜಮಾನರ ಅಪ್ಪಣೆ ಕೇಳಿ ನನ್ನನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಏನ್ ತಗೋತೀರಾ ಮೇಡಂ?" ಎಂದಿದ್ದರು. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ನಾನು ದಾಟಿದ್ದೆ. ಮಸಾಲೆ ದೋಸೆ ಎನ್ನುವ ಬದಲು ಬೆರಳಿನಿಂದ ಪಕ್ಕದ ಮೇಜಿನ ತಟ್ಟೆ ತೋರಿಸಿದ್ದೆ.

ವಿಯೆನ್ನಾದ ಕಾಫಿ ಹೌಸ್‌ಗಳ ಬಗ್ಗೆ ಎಲ್ಲೋ ಓದಿದ್ದೆ. ಅಲ್ಲಿ ಕಾಫಿ ತರುವವನು ಕರಿ ಕೋಟು ಹಾಕಿರುತ್ತಾನಂತೆ. ಅವನನ್ನು ಗಿರಾಕಿಗಳು ಸಾಹೇಬರೇ ಎನ್ನುವ ಮಾತಿನಲ್ಲಿ ಕರೆಯಬೇಕಂತೆ. ಸಣ್ಣ ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಒಂದು ಕಪ್ ತಗೊಂಡು ಮಧ್ಯಾಹ್ನದವರೆಗೆ ಕೂತರೂ ಯಾರೂ ಏಳಿ ಎನ್ನುವುದಿಲ್ಲವಂತೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಅಂಥ ಒಂದು ಜಾಗದಲ್ಲಿ ಒಂದು ಬೆಳಿಗ್ಗೆ ಕೂರಬೇಕು, ಅವರ ಕೆಲಸಕ್ಕೆ ಅಷ್ಟು ಮರ್ಯಾದೆ ಇರುವ ಊರನ್ನು ಕಣ್ಣಾರೆ ನೋಡಬೇಕು. ನನ್ನ ಆಸೆ ಇಷ್ಟೇ.

ವಿದ್ಯಾ ಕಣ್ಣೊರೆಸಿಕೊಂಡಳು. "ಹಾಗಾದ್ರೆ ವಿಯೆನ್ನಾನೇ. ಪ್ಲಾನ್ ನೀನೇ ಮಾಡು. ನಿನ್ನಷ್ಟು ನೀಟಾಗಿ ಯಾರೂ ಮಾಡಲ್ಲ."

ಇನ್ನೊಂದು ಕಾರಣಕ್ಕೂ ಆ ಬೇಸಿಗೆ ಮುಖ್ಯವಾಗಿತ್ತು. ಕೆಲಸದ ವೀಸಾದಲ್ಲಿ ಇರುವವರಿಗೆ ಈ ಕಷ್ಟ ಗೊತ್ತು. ಅಮೆರಿಕ ಬಿಟ್ಟು ಹೊರಗೆ ಹೋದರೆ ವಾಪಸ್ ಬರಲು ಪಾಸ್‌ಪೋರ್ಟ್‌ನಲ್ಲಿ ವೀಸಾದ ಸ್ಟ್ಯಾಂಪ್ ಚಾಲ್ತಿಯಲ್ಲಿರಬೇಕು. ನಮ್ಮದು ಸೆಪ್ಟೆಂಬರ್‌ಗೆ ಮುಗಿಯುತ್ತಿತ್ತು. ಆಮೇಲೆ ಊರಿಗೆ ಹೋಗಿ ಹೊಸ ಸ್ಟ್ಯಾಂಪ್ ಹಾಕಿಸಿಕೊಳ್ಳುವವರೆಗೆ ಎಲ್ಲಿಗೂ ಇಲ್ಲ. ಆ ಅಪಾಯಿಂಟ್‌ಮೆಂಟ್ ಯಾವ ಕಾಲಕ್ಕೆ ಸಿಗುತ್ತದೋ ದೇವರೇ ಬಲ್ಲ. ಹೋಗುವುದಾದರೆ ಆ ಜೂನ್.

ಪ್ಲಾನ್ ಮಾಡಿದೆ. ಪರೀಕ್ಷೆಗೆ ಓದಿದ ಹಾಗೆ ಮಾಡಿದೆ. ನಾವು ಮಾಂಸ ತಿನ್ನುವವರು. ವಿದ್ಯಾಳ ಮನೆಯವರು ಕೇಕ್‌ನಲ್ಲಿರುವ ಮೊಟ್ಟೆಯೊಂದನ್ನು ಬಿಟ್ಟು ಮಾಂಸಾಹಾರ ಏನೂ ಮುಟ್ಟದವರು. ಆದ್ದರಿಂದ ನಾನು ಹುಡುಕಿದ್ದೆಲ್ಲ ಅವರ ಊಟ. ಆ ಊರಿನ ಸಾರುಗಳಲ್ಲಿ ತರಕಾರಿ ಮಾತ್ರ ಕಂಡರೂ ಅಡಿಯಲ್ಲಿ ದನದ ಮೂಳೆಯ ನೀರು ಇರುತ್ತದೆ. ಆಲೂಗಡ್ಡೆ ಸೂಪಿನಲ್ಲಿ ಹಂದಿಯ ಕೊಬ್ಬಿನ ಚೂರು, ಬೇಳೆಯಲ್ಲೂ ಅದೇ. ಕೆಲಸಕ್ಕೆ ಹೊರಡುವ ಮುಂಚೆ, ಅಲ್ಲಿ ಮಧ್ಯಾಹ್ನವಾಗಿರುವ ಹೊತ್ತಿಗೆ, ಒಂದೊಂದು ಹೋಟೆಲಿಗೂ ಫೋನ್ ಮಾಡಿ ಮೂರು ವಾಕ್ಯದ ಜರ್ಮನ್‌ನಲ್ಲಿ ಕೇಳುತ್ತಿದ್ದೆ. ಕೊಬ್ಬಿಲ್ಲದೆ? ಮೂಳೆಯ ನೀರಿಲ್ಲದೆ? ನಿಜವಾಗಿ? ಒಬ್ಬ ಅಡುಗೆಯವನು ಬೇಸತ್ತು "ಮೇಡಂ, ನೀವೇ ಬಂದು ಬೇಯಿಸಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನ ಹೋಟೆಲನ್ನು ಪಟ್ಟಿಯಲ್ಲಿ ಮೊದಲಿಗೆ ಹಾಕಿದೆ. ಅಷ್ಟು ನೇರವಾಗಿ ಮಾತಾಡುವವನು ಸುಳ್ಳು ಹೇಳಲಾರ ಎಂದುಕೊಂಡೆ.

ಮಾರ್ಚ್ ಹೊತ್ತಿಗೆ ನಲವತ್ತು ಪುಟ ಆಗಿತ್ತು. ಮಾರುಕಟ್ಟೆಯ ಯಾವ ಸಾಲಿನಲ್ಲಿ ಉಪ್ಪಿನಲ್ಲಿಟ್ಟ ಆಲಿವ್, ಯಾವ ಮೂಲೆಯಲ್ಲಿ ಚೀಸ್ ಹಾಕಿದ ಹಿಟ್ಟಿನ ಉಂಡೆ. ಊರನ್ನು ಸುತ್ತುಹಾಕುವ ಟ್ರಾಮ್‌ನಲ್ಲಿ ಯಾವ ಕಡೆ ಕೂತರೆ ಅರಮನೆ ಕಾಣುತ್ತದೆ. ಅಲ್ಲಿಯ ನಲ್ಲಿಯಲ್ಲಿ ಬರುವುದು ಬೆಟ್ಟದ ಊಟೆಯ ನೀರು, ಬಾಟಲಿ ಕೊಳ್ಳಬೇಡಿ. ಭಾನುವಾರ ಅಂಗಡಿ ತೆಗೆಯುವುದಿಲ್ಲ, ಹಾಲು ಮೊಸರು ಶನಿವಾರವೇ ತನ್ನಿ. ಊರಾಚೆ ದ್ರಾಕ್ಷಿತೋಟಗಳಲ್ಲಿ ಹೊಸ ವೈನ್ ಕೊಡುವ ಅಂಗಳಗಳಿವೆ, ಕೆಲವು ಕಡೆ ಮನೆಯ ಬುತ್ತಿ ಒಯ್ದು ತಿನ್ನಬಹುದು. ಈ ಸಾಲಿನ ಕೆಳಗೆ "ಪುಳಿಯೋಗರೆ ಗೊಜ್ಜು, ಚಕ್ಕುಲಿ" ಎಂದು ಬರೆದೆ. ವಿದ್ಯಾಳ ಗಂಡ ರವಿಗೆ ವೈನ್ ಜೊತೆ ಚಕ್ಕುಲಿ ಬೇಕೇ ಬೇಕು.

ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಒಂದು ವಿಯೆನ್ನಾ ತಿಂಡಿಯ ಪ್ರಯೋಗ. ಸೇಬು ತುಂಬಿ ಸುತ್ತುವ ಸ್ಟ್ರೂಡಲ್‌ನ ಹಿಟ್ಟನ್ನು ಹಿಂದೆ ಇಟ್ಟ ಕಾಗದದ ಅಕ್ಷರ ಕಾಣುವಷ್ಟು ತೆಳುವಾಗಿ ಎಳೆಯಬೇಕು. ಹೋಳಿಗೆ ತಟ್ಟಿದ ಕೈಗೆ ಅದೇನು ಮಹಾ. ವಿದ್ಯಾಳ ಕೈಯಲ್ಲಿ ಹರಿಯುತ್ತಿತ್ತು, ನನ್ನದು ಹರಿಯುತ್ತಿರಲಿಲ್ಲ. ಅವಳಿಗಾಗಿ ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಮಾಂಸ ಮುಟ್ಟದ ಪಾತ್ರೆಗಳು ಬೇರೆಯೇ ಇದ್ದವು. ಅವಳು ಕೇಳಿದ್ದಲ್ಲ. ನಾನೇ ಇಟ್ಟದ್ದು. ಅವಳು ಬೇಡ ಎಂದದ್ದೂ ಇಲ್ಲ.

"ಅಲ್ಲಿ ಒಂದೇ ಅಪಾರ್ಟ್‌ಮೆಂಟು, ಒಂದೇ ಕಿಚನ್ನು," ಎಂದಳು ಒಮ್ಮೆ, ಬುಕ್ ಮಾಡುವಾಗ.

"ಹತ್ತು ದಿನ ನಾವೂ ಮೊಟ್ಟೇನೂ ಮುಟ್ಟಲ್ಲ ಬಿಡು," ಎಂದೆ.

ಮಹದೇವ ಸೋಫಾದಿಂದಲೇ, "ಊರೆಲ್ಲ ಸಾಸೇಜ್ ಮಾರ್ತಾರಂತೆ, ನಾನು ಮೂಸ್ಕೊಂಡು ಬರಾದಾ?" ಎಂದ. ಎಲ್ಲರೂ ನಕ್ಕೆವು. ವಿದ್ಯಾ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಏಪ್ರಿಲ್‌ನಲ್ಲಿ ಡೌನ್‌ಟೌನ್‌ಗೆ ಹೋಗಿ ಆರು ಜನವೂ ಯುರೋಪಿನ ವೀಸಾಗೆ ಕಾಗದ ಕೊಟ್ಟು ಬಂದೆವು. ಕೌಂಟರಿನಲ್ಲಿದ್ದ ಹೆಂಗಸು ನನ್ನ ನಲವತ್ತು ಪುಟ ತಿರುವಿಹಾಕಿ, "ಇಷ್ಟೆಲ್ಲ ಬೇಕಾಗಿರಲಿಲ್ಲ, ಆದರೆ ನನಗೊಂದು ಕಾಪಿ ಕೊಡುತ್ತೀರಾ?" ಎಂದಳು. "ನಮ್ಮ ಜಯಾ ಮಾಡಿದ್ದು," ಎಂದು ವಿದ್ಯಾ ನನ್ನ ಭುಜ ಹಿಡಿದು ಹೇಳಿದಳು. ಎರಡು ವಾರಕ್ಕೆ ಎಲ್ಲರಿಗೂ ವೀಸಾ ಬಂತು. ಕಾಫಿ ಹೌಸ್‌ನಲ್ಲಿ ಕಿಟಕಿ ಪಕ್ಕದ ಮೇಜು, ಬೆಳಿಗ್ಗೆ ಹತ್ತು ಗಂಟೆಗೆ, ಆರು ಜನಕ್ಕೆ, ನನ್ನ ಹೆಸರಿನಲ್ಲಿ ಕಾದಿರಿಸಿದೆ. ನನ್ನ ಪೂರ್ತಿ ಹೆಸರು ಜಯಮ್ಮ. ಅಜ್ಜಿಯ ಹೆಸರು. ಇಲ್ಲಿಯವರು ಜಯಾ ಎನ್ನುತ್ತಾರೆ. ಆ ದಿನ ಮಾತ್ರ ಪಾಸ್‌ಪೋರ್ಟ್‌ನಲ್ಲಿರುವ ಹಾಗೆ ಪೂರ್ತಿ ಬರೆದೆ.

ಮೇ ಮಧ್ಯದಲ್ಲಿ ವಿದ್ಯಾ ಮನೆಗೆ ಬಂದಳು. ಕೂರಲಿಲ್ಲ.

"ಟ್ರಿಪ್ ಆಗಲ್ಲ ಕಣೇ. ಅತ್ತೆ ಮಾವ ಜೂನ್‌ನಲ್ಲೇ ಬರ್ತಿದಾರೆ. ಟಿಕೆಟ್ ಆಗ್ಹೋಗಿದೆ. ಡೆಟ್ರಾಯಿಟ್‌ನಲ್ಲಿ ನಾದಿನಿ ಮನೆಗೆ ಮೊದಲು ಬರ್ತಾರೆ. ನಾವು ಹೋಗಿ ಹತ್ತು ದಿನ ಅಲ್ಲಿದ್ದು ಕರ್ಕೊಂಡ್ ಬರ್ಬೇಕು."

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಮುಂದಿನ ವರ್ಷ ಗ್ಯಾರಂಟಿ. ನೀವು ಮೂರೇ ಜನ ಮಾತ್ರ ಹೋಗ್ಬಿಡ್ಬೇಡಿ ಪ್ಲೀಸ್. ಹೋದ್ರೆ ಒಟ್ಟಿಗೇ ಹೋಗೋಣ. ನಂಗೆ ತುಂಬಾ ಬೇಜಾರಾಗುತ್ತೆ."

"ಬುಕಿಂಗ್ ಎಲ್ಲ ಕ್ಯಾನ್ಸಲ್ ಮಾಡ್ತೀನಿ," ಎಂದೆ.

"ನಾನೇ ಮಾಡ್ತೀನಿ ಬಿಡು. ಇಷ್ಟು ದಿನ ನೀನೇ ಮಾಡಿದೀಯ."

ಆ ರಾತ್ರಿ ಊಟದ ಹೊತ್ತಿಗೆ ಮಹದೇವ, "ವೀಸಾ ಅದೆ, ರಜಾ ಅದೆ. ನಾವೇ ಓಗ್ಬರಾನ ನಡಿಯಮ್ಮಿ. ಆಮೇಲೆ ಸ್ಟ್ಯಾಂಪ್ ಮುಗೀತದೆ," ಎಂದ. ನಾನು ಒಪ್ಪಲಿಲ್ಲ. "ಅವಳನ್ನ ಬಿಟ್ಟು ಹೋದ್ರೆ ನನಗೇ ಗಂಟಲಲ್ಲಿ ಇಳಿಯಲ್ಲ," ಎಂದೆ. ಈ ಮಾತು ಹೇಳಿದ್ದು ನಾನೇ. ಯಾರೂ ನನ್ನ ಬಾಯಿಂದ ಕಿತ್ತು ಹೇಳಿಸಿದ್ದಲ್ಲ.

ಹೋಗುವ ಮುನ್ನ ವಿದ್ಯಾ ಮನೆಯ ಕೀ ಕೊಟ್ಟಳು. ಕರಿಬೇವಿಗೂ ತುಳಸಿಗೂ ನೀರು ಹಾಕಬೇಕು. ಇಲ್ಲಿಯ ಚಳಿಯಲ್ಲಿ ಕರಿಬೇವನ್ನು ಮಕ್ಕಳ ಹಾಗೆ ಒಳಗಿಟ್ಟು ಸಾಕಬೇಕು, ಬೇಸಿಗೆ ಬಂದಾಗ ಹೊರಗಿಟ್ಟು ದಿನಾ ನೀರು ಹಾಕಬೇಕು. ಕೆಲಸದಿಂದ ಬಂದು ಊಟಕ್ಕೆ ಮುಂಚೆ ಅವರ ಹಿತ್ತಲಿಗೆ ಹೋಗುತ್ತಿದ್ದೆ. ಐದನೆಯ ದಿನ ಶನಿವಾರ. ಮಧ್ಯಾಹ್ನವೇ ಹೋಗಿ ಹೂಜಿ ತುಂಬಿಸಿಕೊಂಡು ನಿಂತಿದ್ದಾಗ ಫೋನ್ ಟಿಂಗ್ ಎಂದಿತು. ಈಮೇಲ್. ವಿಯೆನ್ನಾದ ಕಾಫಿ ಹೌಸ್‌ನಿಂದ.

ಮರ್ಯಾದೆಯ ಇಂಗ್ಲಿಷ್. ಶ್ರೀಮತಿ ಜಯಮ್ಮ ಅವರಿಗೆ. ಇಂದು ಬೆಳಿಗ್ಗೆ ನೀವು ನಮ್ಮಲ್ಲಿಗೆ ಬಂದದ್ದು ಸಂತೋಷ. ನಿಮ್ಮ ಜೊತೆಯಲ್ಲಿದ್ದ ಹಿರಿಯರು ಮೇಜಿನ ಮೇಲೆ ಕಾಗದದ ಕರವಸ್ತ್ರದಲ್ಲಿ ಸುತ್ತಿ ತಮ್ಮ ಹಲ್ಲಿನ ಸೆಟ್ ಬಿಟ್ಟುಹೋಗಿದ್ದಾರೆ. ಕಸಕ್ಕೆ ಹೋಗುವ ಮುಂಚೆ ನಮ್ಮವರು ಗಮನಿಸಿದರು. ತೊಳೆದು ಜೋಪಾನ ಮಾಡಿದ್ದೇವೆ. ನಾಳೆ ಏಳು ಗಂಟೆಗೆ ತೆರೆಯುತ್ತೇವೆ.

ಮೊದಲು ತಪ್ಪು ವಿಳಾಸ ಎಂದುಕೊಂಡೆ. ಎರಡನೆಯ ಸಲ ಓದಿದಾಗ ಕೈಯಲ್ಲಿದ್ದ ಹೂಜಿಯ ನೀರು ಚಪ್ಪಲಿ ಮೇಲೆ ಸುರಿಯುತ್ತಿತ್ತು.

ಅವರು ಡೆಟ್ರಾಯಿಟ್‌ಗೆ ಹೋಗಿರಲಿಲ್ಲ. ಬೆಂಗಳೂರಿನಿಂದ ಬಂದ ಅತ್ತೆ ಮಾವನನ್ನು ವಿಯೆನ್ನಾದಲ್ಲಿ ಸೇರಿಕೊಂಡಿದ್ದರು. ನನ್ನ ಅಪಾರ್ಟ್‌ಮೆಂಟು, ನನ್ನ ಟ್ರಾಮು, ನನ್ನ ಕೊಬ್ಬಿಲ್ಲದ ಸೂಪು. ಬಾಗಿಲಲ್ಲಿ ಕರಿ ಕೋಟಿನವನು ಯಾರ ಹೆಸರಿನಲ್ಲಿ ಎಂದು ಕೇಳಿರಬೇಕು. ಕಿಟಕಿ ಪಕ್ಕದ ಮೇಜು ಬೇಕಲ್ಲ, ಅದಕ್ಕೆ ವಿದ್ಯಾ ನಿಂತು ನನ್ನ ಹೆಸರು ಹೇಳಿರಬೇಕು. ಜಯಮ್ಮ ಎಂದು. ಪೂರ್ತಿ.

ಮನೆಗೆ ಬಂದು ಫೋನನ್ನು ಮಹದೇವನ ಮುಂದೆ ಹಿಡಿದೆ. ಓದಿದ. "ಡಿಲೀಟ್ ಮಾಡು," ಎಂದ. "ಮುದ್ಕಪ್ಪ ಇನ್ನು ಐದು ದಿನ ಗಂಜಿ ಕುಡೀಲಿ."

"ಅವಳಿಗೆ ತಿಳಿಸಿದ್ರೆ ನನಗೆ ಗೊತ್ತಾಗಿದೆ ಅಂತ ಗೊತ್ತಾಗುತ್ತೆ," ಎಂದೆ.

"ಅದ್ಕೇ ಅಂದಿದ್ದು ಡಿಲೀಟ್ ಮಾಡು ಅಂತ. ಬಂದ್ಮೇಲೆ ಡೆಟ್ರಾಯಿಟ್ ಎಂಗಿತ್ತು ಅಂತ ಕೇಳವಾ. ಏನ್ ಬಿಡ್ತಾಳೆ ನೋಡವಾ."

ಆಸೆಯಾಯಿತು. ನಿಜ ಹೇಳುತ್ತೇನೆ, ಬಹಳ ಆಸೆಯಾಯಿತು. ಹತ್ತು ಹದಿನೈದು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಯೂ ಬಿಟ್ಟೆ. ಆದರೆ ನಮ್ಮಪ್ಪ ಗಿರಾಕಿ ಬಿಟ್ಟುಹೋದ ಛತ್ರಿ, ಟಿಫನ್ ಕ್ಯಾರಿಯರ್, ಒಮ್ಮೆ ಮದುವೆಯ ಸೀರೆ, ಎಲ್ಲವನ್ನೂ ಬಸ್ಸು ಹೊರಡುವ ಮುಂಚೆ ಓಡಿಹೋಗಿ ಕೊಟ್ಟು ಬಂದವರು. ಬೈದು ಹೋದವನದ್ದನ್ನೂ ಕೊಟ್ಟಿದ್ದಾರೆ. ಆ ದೂರದ ಊರಿನಲ್ಲಿ ಅಪ್ಪನಂಥವನೇ ಒಬ್ಬ ಕಸಕ್ಕೆ ಹೋಗದಂತೆ ಎತ್ತಿಟ್ಟು, ತೊಳೆದು, ಕಾಗದ ಬರೆಸಿದ್ದಾನೆ. ಅವನ ಕೆಲಸವನ್ನು ನಾನು ಡಿಲೀಟ್ ಮಾಡಲಾರೆ.

ವಿದ್ಯಾಳಿಗೆ ಬರೆದೆ: "ಮಾವನವರ ಹಲ್ಲಿನ ಸೆಟ್ ಕಾಫಿ ಹೌಸ್‌ನಲ್ಲಿದೆ. ಬೆಳಿಗ್ಗೆ ಏಳಕ್ಕೆ ತೆಗೀತಾರೆ. ನನ್ನ ಹೆಸರು ಹೇಳಿದರೆ ಕೊಡುತ್ತಾರೆ."

ಓದಿದ್ದಾಳೆ ಎನ್ನುವ ಎರಡು ನೀಲಿ ಗೆರೆ ತಕ್ಷಣ ಬಂತು. ಉತ್ತರ ಮರುದಿನ ಬಂತು. ಎರಡು ಕೈ ಜೋಡಿಸಿದ ಚಿತ್ರ, ಅಷ್ಟೇ. ಉಳಿದ ದಿನಗಳೂ ಕರಿಬೇವಿಗೆ ನೀರು ಹಾಕಿದೆ. ಗಿಡದ್ದೇನು ತಪ್ಪು.

ವಾಪಸ್ ಬಂದ ಮೂರನೆಯ ದಿನ ವಿದ್ಯಾ ಬಂದಳು, ಕೈಯಲ್ಲಿ ಚಾಕೊಲೇಟ್ ಡಬ್ಬಿ. ನಾನು ಕೈ ಚಾಚಲಿಲ್ಲ. ಅವಳು ಅದನ್ನು ಮೇಜಿನ ತುದಿಯಲ್ಲಿಟ್ಟಳು.

"ನಾನ್ ಏನ್ ಮಾಡ್ಲಿ ಹೇಳೇ. ಮಾವ ಹಳೇ ಕಾಲದವ್ರು. ಒಂದೇ ಕಿಚನ್ ಅಂದಾಗ, ಅವ್ರ ಜೊತೆ ಹೇಗಮ್ಮ ಇರೋದು ಅಂದ್ಬಿಟ್ರು. ನಿಂಗೆ ಹೇಳಿದ್ರೆ ನೋವಾಗುತ್ತೆ ಅಂತ..."

"ಹೇಳಿದ್ರೆ ನೋವಾಗ್ತಿತ್ತು," ಎಂದೆ. "ಬೇರೆ ರೂಮ್ ತಗೊಂಡು ಬರ್ತಿದ್ದೆ. ಇಲ್ಲ, ನಾವೇ ಮೂರು ಜನ ಬೇರೆ ವಾರ ಹೋಗ್ತಿದ್ವಿ. ಹೋಗ್ಬೇಡ ಅಂತ ಕೈ ಹಿಡ್ಕೊಂಡೆಯಲ್ಲ, ಅದು ಯಾಕೆ?"

ಅವಳು ಅತ್ತಳು. ನನಗೂ ಅವಳ ಮೇಲೆ ಅಯ್ಯೋ ಎನಿಸಿತು. ಮುದುಕನ ಮಡಿಗೆ ಸಿಕ್ಕಿಬಿದ್ದ ಸೊಸೆ, ಏನು ಮಾಡಿಯಾಳು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಬೈಗುಳವೆಲ್ಲ ಆ ಕಂಡಿರದ ಮುದುಕನ ಲೆಕ್ಕಕ್ಕೆ ಹೋಯಿತು. ಮೂರು ವಾರ ಹಾಗೇ ಕಳೆಯಿತು. ಸ್ನೇಹ ಕುಂಟುತ್ತಾದರೂ ನಡೆಯುತ್ತದೆ ಎಂದುಕೊಂಡಿದ್ದೆ.

ಜುಲೈನಲ್ಲಿ ಆ ಮುದುಕರೇ ಫೋನ್ ಮಾಡಿದರು. "ನನ್ನ ಹಲ್ಲು ಉಳಿಸಿದ ಪುಣ್ಯಾತ್ಗಿತ್ತಿ ನೀವೇ ಅಂತಲ್ಲ! ಮನೆಗೆ ಬಾಮ್ಮ. ಎರಡು ತಿರುವು ಅಂತೆ, ಇನ್ನೂ ಮುಖ ನೋಡಿಲ್ಲ."

ಹೋದೆ. ಮಡಿ ಮುದುಕನ ಎದುರು ಬೆನ್ನು ನೇರ ಮಾಡಿ ಕೂರಬೇಕು ಎಂದು ಸೀರೆ ಉಟ್ಟು ಹೋದೆ. ಬಾಗಿಲು ತೆರೆದದ್ದು ಬನಿಯನ್ನು, ಚಡ್ಡಿ, ತಲೆಗೆ ಬೇಸ್‌ಬಾಲ್ ಟೋಪಿ ಹಾಕಿದ್ದ ತೆಳ್ಳನೆಯ ಮನುಷ್ಯ. "ಬಾ ಬಾ ಬಾ, ನೋಡು!" ಎಂದು ಬಾಯಿ ಅಗಲಿಸಿ ಹಲ್ಲು ತೋರಿಸಿದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತಿಯಾದವರು. ಅಡುಗೆಮನೆಯ ಹತ್ತಿರ ಕೂರಬಹುದೇ, ನಾವು ಮಾಂಸ ತಿನ್ನುವವರು ಎಂದು ಬೇಕೆಂದೇ ಕೇಳಿದೆ.

"ಮೂವತ್ತು ವರ್ಷ ಗೂಡ್ಸ್ ಗಾಡಿ ಹಿಂದೆ ಕೂತಿದ್ದೆ ಕಣಮ್ಮ. ಯಾರ ಊಟದ ಡಬ್ಬೀಲಿ ಏನಿದೆ ಅಂತ ಕೇಳ್ತಾ ಕೂತ್ರೆ ಹುಬ್ಬಳ್ಳಿ ತಲುಪೋಷ್ಟರಲ್ಲಿ ಹೆಣ ಆಗ್ತಿದ್ದೆ. ಅದಿರ್ಲಿ, ನಿಮ್ ಪುಸ್ತಕ ಇದೆಯಲ್ಲ, ಆ ಸೂಪಿನ ಅಂಗಡಿ! ನಮ್ಮನೆಯವಳು ಎರಡು ಬಟ್ಲು ಹೊಡೆದ್ಲು. ದ್ರಾಕ್ಷಿ ತೋಟದಲ್ಲಿ ಚಕ್ಕುಲಿ ತಿಂದ್ವಿ. ನಿಮಗೆ ವೀಸಾ ಸಿಗಲಿಲ್ಲ ಅಂತ ವಿದ್ಯಾ ಹೇಳಿದಾಗ ನನಗೆ ಎಷ್ಟು ಬೇಜಾರಾಯ್ತು ಗೊತ್ತಾ. ಪ್ಲಾನ್ ಮಾಡಿದವರೇ ಇಲ್ಲ!"

ವಿದ್ಯಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳು ಕಣ್ಣಿನಲ್ಲೇ ಬೇಡ ಎಂದಳು. ಎಂಟು ವರ್ಷದಲ್ಲಿ ಅವಳು ಹೀಗೆ ನನ್ನನ್ನು ಬೇಡಿದ್ದು ಎರಡನೆಯ ಸಲ; ಮೊದಲನೆಯದು ಮೇ ತಿಂಗಳಲ್ಲಿ, ನನ್ನ ಕೈ ಹಿಡಿದು.

"ನನಗೆ ವೀಸಾ ಸಿಕ್ಕಿತ್ತು ಅಂಕಲ್," ಎಂದೆ. "ಪಾಸ್‌ಪೋರ್ಟ್‌ನಲ್ಲಿ ಈಗಲೂ ಇದೆ. ನಿಮಗೆ ನಮ್ಮ ಜೊತೆ ಒಂದೇ ಅಡುಗೆಮನೆಯಲ್ಲಿ ಇರೋಕೆ ಆಗಲ್ಲ ಅಂತ ನನಗೆ ಹೇಳಿದ್ರು."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸೊಸೆಯ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. "ನಾನು ಹಾಗೆ ಅಂದಿಲ್ಲ ತಾಯಿ," ಎಂದರು ಮೆಲ್ಲಗೆ. "ನನ್ನನ್ನು ಯಾರೂ ಕೇಳಲೇ ಇಲ್ಲ."

ಎದ್ದು ಬಂದೆ. ವಿದ್ಯಾ ಡ್ರೈವ್‌ವೇಯಲ್ಲಿ ಹಿಂದಿನಿಂದ ಓಡಿಬಂದಳು. ಬರಿಗಾಲಲ್ಲಿ, ಆ ಬಿಸಿಲಿಗೆ ಸುಡುವ ಡಾಂಬರಿನ ಮೇಲೆ.

"ಅವರ ಮುಂದೆ ಹೇಳ್ಬೇಕಿತ್ತಾ ಜಯಾ?"

"ನೀನು ಅವರ ಹೆಸರಿನ ಹಿಂದೆ ಬಚ್ಚಿಟ್ಕೊಂಡೆ. ಇನ್ನೆಲ್ಲಿ ಹೇಳಲಿ?"

ಅವಳು ಆಗ ಹೇಳಿದ್ದು ಸುಳ್ಳಲ್ಲ ಎಂದು ಅವಳ ದನಿಯಲ್ಲೇ ಗೊತ್ತಾಯಿತು. ಅಳು ಇರಲಿಲ್ಲ. ಸುಸ್ತು ಇತ್ತು.

"ನಂಗೆ ಒಂದ್ಸಲನಾದ್ರೂ ಆರಾಮಾಗಿ ಕೂತು ಕಾಫಿ ಕುಡೀಬೇಕಿತ್ತು ಕಣೇ. ನಿನ್ ಜೊತೆ ಆಗಲ್ಲ. ಎಲ್ ಹೋದ್ರೂ ನಿಮ್ಮಪ್ಪ ಬರ್ತಾರೆ. ಸರ್ವರ್ ಬಂದ್ರೆ ನೀನು ಎದ್ದು ನಿಲ್ತೀಯ, ಪ್ಲೇಟ್ ನೀನೇ ಎತ್ತಿಡ್ತೀಯ, ಅವನಿಗೂ ಆ ಕಥೆ ಹೇಳ್ತೀಯ. ಪಕ್ಕದಲ್ಲಿ ಕೂತ ನಾನು ಏನೋ ತಪ್ಪು ಮಾಡಿದ ಹಾಗೆ. ಹಾಲಿಡೇನಲ್ಲೂ ಅದೇ ಬೇಕಾ ಅನ್ನಿಸ್ತು. ಅಷ್ಟೇ."

ನಾನು ಮನೆಯ ಕಡೆ ನಡೆದೆ. ಆ ಕಥೆಯನ್ನು ನಾನು ಅವಳಿಗೆ ಕೊಟ್ಟದ್ದು ಎಲ್ಲಕ್ಕಿಂತ ದೊಡ್ಡದನ್ನು ಕೊಡುವ ಹಾಗೆ. ಅವಳು ಕಣ್ಣೊರೆಸಿಕೊಂಡು ತಗೊಂಡಿದ್ದಳು. ಅದು ಅವಳಿಗೆ ಹೊರೆಯಾಗಿತ್ತು ಎಂದು ಎಂಟು ವರ್ಷ ಗೊತ್ತಾಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಪ್ ಮುಗಿಯಿತು. ಮರುವರ್ಷ ಅವರು ಡೆಟ್ರಾಯಿಟ್ ಕಡೆಗೆ, ಈ ಸಲ ನಿಜವಾಗಿಯೂ, ಮನೆ ಬದಲಾಯಿಸಿದರು. ವಿಯೆನ್ನಾಗೆ ನಾನು ಇನ್ನೂ ಹೋಗಿಲ್ಲ.

ಆದರೆ ನಾನು ಬರೆಯಬೇಕಾದ್ದು ಇನ್ನೊಂದಿದೆ. ಆ ಜುಲೈನ ನಂತರ ಅಪ್ಪನ ಬಗ್ಗೆ ಮಾತಾಡುವುದು ನಿಂತುಹೋಯಿತು. ಹೋಟೆಲುಗಳಲ್ಲಿ ಕೈ ಕಟ್ಟಿ ಕೂರುವುದನ್ನು ಕಲಿತೆ. ತಟ್ಟೆ ಎತ್ತಿಡುತ್ತಿರಲಿಲ್ಲ. ಮಹದೇವ ಇದನ್ನು ಗಮನಿಸಿದ್ದ. ಓಕ್ ಬ್ರೂಕ್‌ನ ಬೇಕರಿಯ ಮುಂದೆ ನಾನು ನಿಧಿಯ ಮೇಲೆ ರೇಗಿದ ಮರುದಿನವೇ ಪಕ್ಕದ ಊರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಹೊಸದಾಗಿ ಬಂದ ತುಮಕೂರಿನ ಸಂಸಾರ. ಊಟಕ್ಕೆ ಕೂತಾಗ ಮನೆಯಾಕೆ ಲತಾ ಬಡಿಸುತ್ತಾ ಎಲ್ಲರ ಊರು ಕೇರಿ ವಿಚಾರಿಸುತ್ತಿದ್ದಳು.

"ನಿಮ್ ತಂದೆಯವ್ರು ಏನ್ ಮಾಡ್ತಿದ್ರು?"

"ಹೋಟೆಲ್ ಲೈನ್‌ನಲ್ಲಿದ್ರು. ಮಂಡ್ಯದಲ್ಲಿ."

"ಓ, ಸ್ವಂತದ್ದಾ! ಅದಕ್ಕೇ ನೋಡಿ ಊಟದ ಟೇಸ್ಟ್ ಗೊತ್ತಾಗುತ್ತೆ ನಿಮ್ಗೆ."

ನಾನು ನಕ್ಕು ಅನ್ನ ಕಲಸಿದೆ. ಅಲ್ಲ ಎನ್ನಲಿಲ್ಲ.

ಮನೆಗೆ ಹೊರಟು ಹೈವೇ ಹತ್ತಿದ ಮೇಲೆ ಹಿಂದಿನ ಸೀಟಿನಿಂದ ನಿಧಿ, "ಅಮ್ಮಾ, ತಾತ ವಾಸ್ ಎ ವೇಟರ್, ರೈಟ್?" ಎಂದಳು.

"ಹೂಂ."

"ದೆನ್ ವೈ ಡಿಡ್‌ನ್ಟ್ ಯು ಸೇ ಸೋ?"

ಮಹದೇವ ರಸ್ತೆ ನೋಡುತ್ತಿದ್ದ. ವಿದ್ಯಾಳಿಗೆ ನನ್ನ ಪಕ್ಕದಲ್ಲಿ ಕೂರಲು ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ನಾನು ಮನೆಗೆ ತಂದು, ಸಾಕಿ, ಇವತ್ತು ಅಪ್ಪನ ಎಲೆಗೇ ಬಡಿಸಿದ್ದೆ. ನನ್ನನ್ನು ಬಿ.ಇ. ಓದಿಸಿದವರ ಎಲೆಗೆ.

"ಗಾಡಿ ತಿರುಗಿಸು," ಎಂದೆ.

"ಏನಾಯ್ತು?"

"ಮುಂದಿನ ಎಕ್ಸಿಟ್ ತಗೋ. ತಿರುಗಿಸು."

ಲತಾ ಬಾಗಿಲು ತೆರೆದಾಗ ಕೈಯಲ್ಲಿ ಸೌಟು ಇತ್ತು. ಹೊರಗೆ ಹಿಮ ಬೀಳತೊಡಗಿತ್ತು.

"ನಮ್ಮಪ್ಪನ ಸ್ವಂತ ಹೋಟೆಲ್ ಅಲ್ಲ ರೀ," ಎಂದೆ. "ಅಲ್ಲಿ ಸಪ್ಲೈಯರ್ ಆಗಿದ್ರು.  ಇಪ್ಪತ್ತೆಂಟು ವರ್ಷ. ಆವಾಗ ನಾನು ಸುಮ್ಮನಿದ್ಬಿಟ್ಟೆ."

ಅವಳು ನನ್ನನ್ನು, ಹಿಂದೆ ಡ್ರೈವ್‌ವೇಯಲ್ಲಿ ದೀಪ ಹಾಕಿಕೊಂಡು ನಿಂತ ಕಾರನ್ನು, ಮತ್ತೆ ನನ್ನನ್ನು ನೋಡಿದಳು.

"ಇದು ಹೇಳೋಕೆ ವಾಪಸ್ ಬಂದ್ರಾ?"

"ಹೂಂ," ಎಂದೆ. "ಅಷ್ಟಕ್ಕೇ."